ಮಷೀನಿನ ಹಣೆ

ಓಕ್ಲ್ಯಾಂಡ್
6 ಅಕ್ಟೋಬರ್ 2025

ಅಪ್ಪ,

ಕಾಗದವನ್ನು 'ತೀರ್ಥರೂಪ' ಎಂದು ಶುರು ಮಾಡಬೇಕು ಎಂದು ಧಾರವಾಡದ ಶಾಲೆಯಲ್ಲಿ ಕಲಿಸಿದ್ದರು. ಈಗ ಆ ಪದ ಬರೆದರೆ ಸುಳ್ಳಾಗುತ್ತದೆ. ಅದಕ್ಕೆ ಬಿಟ್ಟಿದ್ದೇನೆ.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ನೀವು ಹೇಳಿದಿರಿ: "ನಿನ್ನ ದನಿ ಕೇಳೂದು ನನಗ ಬ್ಯಾಡ. ಏನರೆ ಹೇಳೂದಿದ್ರ ಬರದು ಕಳಸು." ಬರೆಯುತ್ತಿದ್ದೇನೆ. ಅವ್ವ ತೀರಿಕೊಂಡ ಮೇಲೆ, ಮೊದಲೇ ಇಲ್ಲಿದ್ದ ನೀವು ನನ್ನನ್ನೂ ಅಜ್ಜಿಯನ್ನೂ ಒಟ್ಟಿಗೇ ಇಲ್ಲಿಗೆ ಕರೆತಂದಾಗ ನನಗೆ ಹನ್ನೆರಡು. ಅಲ್ಲಿಯವರೆಗೆ ಕಲಿತ ಕನ್ನಡ ಹಾಗೇ ಇದೆ. ಅಜ್ಜಿಯೂ ನಿಮ್ಮ ಮನೆಯಲ್ಲಿ ಕೆಲಸ ಮಾಡುವ ನೀಲಾಬಾಯಿಯೂ ಓದಬಹುದಾದ ಭಾಷೆ ಅದೊಂದೇ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಮೇಲಿನ ಗೌರವಕ್ಕಲ್ಲ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲ ಎಂದಲ್ಲ. ನೀವು ಆಗಲೇ ಅದನ್ನು ಬೇರೆ ಥರ ಹೇಳಲು ಶುರು ಮಾಡಿದ್ದೀರಿ.

ಬುಧವಾರ ಆಯುಧ ಪೂಜೆ. ಅಜ್ಜಿ ಫೋನ್ ಮಾಡಿ ಕರೆದಳು ಎಂದು ಬಂದೆ. ನಿಮ್ಮ ಫ್ರೀಮಾಂಟಿನ ಮನೆಗೆ ಮಗನಾಗಿ ಬಂದದ್ದು ಎಂಟು ತಿಂಗಳ ಮೇಲೆ. ಕೆಲಸದವನಾಗಿ ಎರಡು ವಾರಕ್ಕೊಮ್ಮೆ ಶುಕ್ರವಾರ ಬರುತ್ತಲೇ ಇದ್ದೇನೆ. ದ್ವಾರಕಾನಾಥ ಅವರ ಕಂಪನಿಯಿಂದ ಬಂದು ನಿಮ್ಮ ಅಂಗಳದ ಹುಲ್ಲು ಕತ್ತರಿಸುವ ರೋಬೋಟನ್ನು ಶುಚಿ ಮಾಡಿ ಹೋಗುವವನು ನಾನೇ. ಆಗ ನೀವು ಹೊರಗೆ ಬರುವುದಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡುತ್ತೀರಿ. ನೋಡುವುದು ನನಗೂ ಕಾಣುತ್ತದೆ.

ಗ್ಯಾರೇಜಿನಲ್ಲಿ ಅಜ್ಜಿ ಎಲ್ಲವನ್ನೂ ಸಾಲಾಗಿ ಇಟ್ಟಿದ್ದಳು. ಕಾರು, ನಿಮ್ಮ ಲ್ಯಾಪ್‌ಟಾಪು, ಮಿಕ್ಸರು, ಕೊನೆಯಲ್ಲಿ ಈ ಮಷೀನು. ಅವಳು ಅದನ್ನು ಆಮೆ ಎನ್ನುತ್ತಾಳೆ. ಎಲ್ಲಕ್ಕೂ ವಿಭೂತಿ ಹಚ್ಚಿ ಮುಗಿಸಿ ಇದರ ಮುಂದೆ ಬಂದು ನಿಂತಳು.

"ಈ ಆಮಿ ಹಣಿ ಎಲ್ಲೈತೋ ಆಕಾಶಾ? ಮುಂದ ಯಾವುದು ಹಿಂದ ಯಾವುದು ಒಂದೂ ತಿಳೀವಲ್ದು."

ನಾನು ನಕ್ಕೆ. "ಇಲ್ನೋಡ ಅಜ್ಜಿ, ಎರಡು ಕಣ್ಣು ಅದಾವಲ್ಲ, ಇದ ಅದರ ಹಣಿ" ಎಂದು ಬೆರಳಿಟ್ಟು ತೋರಿಸಿದೆ. ಆ ಕಣ್ಣುಗಳು ಕ್ಯಾಮೆರಾ. ಮುಂದೆ ಏನಿದೆ ಎಂದು ಮಷೀನು ನೋಡುವುದು ಅವುಗಳಿಂದಲೇ. ಅಜ್ಜಿ ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಿಂದ ದಪ್ಪಗೆ ಎಳೆದಳು. ಕೆಳಗಿನ ಎರಡು ಗೆರೆ ಎರಡೂ ಕಣ್ಣಿನ ಮೇಲೆ ಹಾದವು. ನಾನು ನೋಡಿದೆ. ಅದು ಒಣಗಿ ಬೆಳ್ಳಗಾಗುವುದನ್ನೂ ನೋಡಿದೆ. ಹೋಗುವ ಮುಂಚೆ ಒರೆಸಿದರಾಯಿತು ಎಂದುಕೊಂಡೆ.

ನನ್ನ ಕೆಲಸವೇ ಅದು. ಬಂದ ಕೂಡಲೇ ಮಷೀನನ್ನು ಆರಿಸಬೇಕು. ದಪ್ಪ ಕೈಗವಸು ಹಾಕಿ ಬೋರಲು ಮಾಡಬೇಕು. ಬ್ಲೇಡುಗಳು ಸಡಿಲವಾಗಿವೆಯೇ, ಅಂಚು ಮುರಿದಿದೆಯೇ ನೋಡಬೇಕು. ಅಂಟಿದ ಹುಲ್ಲನ್ನು ಬ್ರಷ್ಷಿನಿಂದ ತೆಗೆಯಬೇಕು, ನೀರು ಹೊಡೆಯಬಾರದು. ಕ್ಯಾಮೆರಾವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಮೇಲಿನ ಕೆಂಪು ಗುಂಡಿ ಒತ್ತಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಅಂಗಳದಲ್ಲಿ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಿಡಬೇಕು. ಇನ್ನೂರು ಅಂಗಳಗಳಲ್ಲಾದರೂ ಇದನ್ನು ಮಾಡಿದ್ದೇನೆ. ಅವತ್ತು ನನ್ನ ಅಪ್ಪನ ಅಂಗಳದಲ್ಲಿ ಮಾಡಲಿಲ್ಲ.

ಯಾಕೆಂದರೆ ಊಟಕ್ಕೆ ಕೂತಾಗ ನೀವು ನನ್ನ ಕಡೆ ನೋಡದೆ ಅಜ್ಜಿಗೆ ಹೇಳಿದಿರಿ: "ಹುಲ್ಲು ಕೊಯ್ಯೂ ಮಷೀನಿನ ಚಾಕರಿ ಮಾಡಾಕ ಇವನನ್ನ ಇಷ್ಟು ದೂರ ಕರಕೊಂಡು ಬರಬೇಕಿತ್ತೇನವ್ವ?" ನಾನು ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಬಾರ್ಟ್ ರೈಲಿನ ಸ್ಟೇಷನ್ನಿಗೆ ನಡೆದೆ. ಕ್ಯಾಮೆರಾ ಒರೆಸಲಿಲ್ಲ. ಮಷೀನಿನ ಅವತ್ತಿನ ವೇಳಾಪಟ್ಟಿ ರದ್ದು ಮಾಡಲಿಲ್ಲ. ಇದು ನನ್ನ ತಪ್ಪು. ನಿಮ್ಮ ಮಾತಿನಿಂದಾಯಿತು ಎಂದು ನಾನು ಹೇಳುವುದಿಲ್ಲ. ನಿಮ್ಮ ಮೇಲೆ ಸಿಟ್ಟಿದ್ದರೆ ನಿಮ್ಮ ಮೇಲೆ ತೀರಿಸಿಕೊಳ್ಳಬೇಕಿತ್ತು.

ಅಜ್ಜಿಯನ್ನು ನೋಡಿಕೊಳ್ಳಲು, ಅಡುಗೆ ಮಾಡಲು ದಿನಾ ಬರುವ ನೀಲಾಬಾಯಿ ಅವತ್ತು ಬೆಳಗಿನ ನಾಲ್ಕಕ್ಕೇ ಎದ್ದು ನಿಮ್ಮ ಮನೆಯ ಹೋಳಿಗೆ ಮಾಡಿದ್ದಳು. ಊಟ ಮುಗಿದ ಮೇಲೆ ಅಂಗಳಕ್ಕೆ ಬಂದು ಅಜ್ಜಿಯನ್ನು ಕೇಳಿದಳಂತೆ, "ಇವತ್ತು ಆಮಿ ತಿರಗಾಡಂಗಿಲ್ಲಲ್ರಿ?" ಅಜ್ಜಿ ಅಂದಳಂತೆ, "ಪೂಜಿ ಮಾಡಿದ ದಿನ ಆಯುಧ ಯಾರು ಮುಟ್ಟತಾರ? ಅದಕ್ಕೂ ಇವತ್ತು ಸೂಟಿ." ಕುಡುಗೋಲಿಗೂ ಕೊಡಲಿಗೂ ಅದು ನಿಜ, ಯಾರೂ ಎತ್ತದಿದ್ದರೆ ಅವು ಗೋಡೆಗೆ ಒರಗಿಕೊಂಡೇ ಇರುತ್ತವೆ. ಇದು ದಿನಾ ಮೂರೂವರೆಗೆ ತಾನಾಗಿ ಎದ್ದು ಹೊರಡುತ್ತದೆ. ನೀಲಾಬಾಯಿ ಬರಿಗಾಲು ಚಾಚಿ ಹುಲ್ಲಿನ ಮೇಲೆ ಮಲಗಿದಳು. ನಿದ್ದೆ ಹತ್ತಿತು.

ಮಷೀನು ಹೊರಟಿತು. ಕಣ್ಣು ಕಾಣಲಿಲ್ಲ. ಅದು ಕೇಳಿತು ಅಪ್ಪ. ನಿಮ್ಮನ್ನೇ ಕೇಳಿತು. ಗುರುವಾರ ಅದರ ಲಾಗ್, ಅಂದರೆ ನಿಮಿಷ ನಿಮಿಷಕ್ಕೂ ಅದು ಬರೆದಿಡುವ ದಾಖಲೆ, ತೆಗೆದು ಓದಿದೆ. 3:31ಕ್ಕೆ ನಿಮ್ಮ ಫೋನಿಗೆ ಸಂದೇಶ ಹೋಗಿದೆ: ಕ್ಯಾಮೆರಾ ಮುಚ್ಚಿದೆ, ಒರೆಸಿ. 3:32ಕ್ಕೆ 'ಹಾಗೇ ಮುಂದುವರಿಸು' ಎಂದು ಒತ್ತಲಾಗಿದೆ. ಹಾಗೆ ಒತ್ತಲು ಬರುವ ಫೋನು ಆ ಮನೆಯಲ್ಲಿ ಒಂದೇ ಇದೆ. 3:41ಕ್ಕೆ ಮಷೀನು ನಿಂತಿದೆ. ನಿಲ್ಲಿಸಿದ್ದು ಅಜ್ಜಿ, ಊರುಗೋಲಿನ ತುದಿಯಿಂದ ಕೆಂಪು ಗುಂಡಿ ಒತ್ತಿ. ಅಷ್ಟರಲ್ಲಿ ಬಲಗಾಲಿನ ಕಿರುಬೆರಳು ಹೋಗಿತ್ತು. ಪಕ್ಕದ ಬೆರಳಿಗೆ ಒಂಬತ್ತು ಹೊಲಿಗೆ. ಅಜ್ಜಿ ಫೋನ್ ಮಾಡಿದ ಮೇಲೆ ನಾನೂ ಆಸ್ಪತ್ರೆಗೆ ಬಂದೆ.

ಮನೆಯ ವಿಮೆಯವರು ಕೇಳಿದಾಗ 'ನಾನು ಒರೆಸಲಿಲ್ಲ' ಎಂದು ನಾನು ಹೇಳುತ್ತೇನೆ. 'ನಾನು ಒತ್ತಿದೆ' ಎಂದು ನೀವು ಹೇಳಿ. ನನಗೆ ಬೇಕಾದದ್ದು ಇಷ್ಟೇ.

ಆಕಾಶ


ಫ್ರೀಮಾಂಟ್
11 ಅಕ್ಟೋಬರ್ 2025

ಆಕಾಶನಿಗೆ,

ಆಶೀರ್ವಾದ ಎಂದು ಬರೆಯುತ್ತೇನೆ. ನಿನಗೆ ಬೇಡವಾದರೆ ಆ ಪದ ಬಿಟ್ಟು ಓದು.

ನಿನಗೆ ಲಾಗ್ ಓದಲು ಬರುತ್ತದೆ. ಮನೆ ಓದಲು ಬರುವುದಿಲ್ಲ.

ಒತ್ತಿದ್ದು ನಾನೇ. ಮನೆಯಿಂದಲೇ ಆನ್‌ಲೈನ್ ಮೀಟಿಂಗಿನಲ್ಲಿದ್ದೆ. ಆ ಮಷೀನು ಬೇಸಿಗೆಯುದ್ದಕ್ಕೂ ದಿನಕ್ಕೆ ಹತ್ತು ಸಲ ನನ್ನನ್ನು ಕರೆದಿದೆ. ಎಲೆ ಬಿದ್ದರೆ, ನೀರಿನ ಪೈಪು ಅಡ್ಡ ಬಂದರೆ, ಪಕ್ಕದ ಮನೆಯ ಬೆಕ್ಕು ಬಂದರೆ. ಓದದೆ ಒತ್ತಿದೆ. ಇದನ್ನು ನಿನಗೊಬ್ಬನಿಗೆ ಹೇಳುತ್ತಿದ್ದೇನೆ.

ನನ್ನ ಉದ್ಯೋಗ ಏನು ಎಂದು ನಿನಗೆ ಗೊತ್ತು. ಫಾಸ್ಟರ್ ಸಿಟಿಯ ಔಷಧ ಕಂಪನಿಯಲ್ಲಿ ಸುರಕ್ಷತೆಯ ನಿಯಮಗಳೆಲ್ಲ ಪಾಲನೆಯಾಗಿವೆ ಎಂದು ಸಹಿ ಹಾಕುವವನು ನಾನು. ಹದಿನೈದು ವರ್ಷದಿಂದ ಆ ಸಹಿಯನ್ನು ಜನ ನಂಬಿದ್ದಾರೆ. ಎಚ್ಚರಿಕೆಯನ್ನು ಓದದೆ ಒತ್ತಿದ ಮನುಷ್ಯ ಎಂದು ಒಂದು ಸಲ ಕಾಗದದ ಮೇಲೆ ಬಂದರೆ ಆಮೇಲೆ ಅದನ್ನು ಅಳಿಸಲಾಗುವುದಿಲ್ಲ.

ಅದೂ ಇರಲಿ. ಮಷೀನು ತಾನಾಗಿ ಕೆಟ್ಟಿತು ಎಂದು ಅವ್ವನಿಗೆ, ನಿನ್ನ ಅಜ್ಜಿಗೆ, ಹೇಳಿದ್ದೇನೆ. ಅವಳಿಗೆ ಎಪ್ಪತ್ತೊಂಬತ್ತು. ಅವಳು ಭಕ್ತಿಯಿಂದ ಹಚ್ಚಿದ ವಿಭೂತಿಯಿಂದ ಒಬ್ಬಳ ಬೆರಳು ಹೋಯಿತು ಎಂದು ನೀನು ಹೋಗಿ ಹೇಳುತ್ತೀಯಾ? ಹೇಳಿ, ಆಮೇಲೆ ಅವಳು ಊಟ ಬಿಟ್ಟರೆ ನೀನು ಓಕ್ಲ್ಯಾಂಡಿನಿಂದ ಬಂದು ಉಣಿಸುತ್ತೀಯಾ?

ಆದ್ದರಿಂದ ನಿನ್ನ ಸರ್ವಿಸ್ ರಿಪೋರ್ಟಿನಲ್ಲಿ ಎರಡು ಸಾಲು ಬರೆ. ಅಕ್ಟೋಬರ್ ಒಂದರಂದು ಕ್ಯಾಮೆರಾ ಶುಚಿಯಾಗಿತ್ತು, ಮಷೀನು ಸುಸ್ಥಿತಿಯಲ್ಲಿತ್ತು. ಲಾಗನ್ನು ಯಾರೂ ಕೇಳುವುದಿಲ್ಲ. ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಬಾರದೆಂದು ತನಗೆ ಮೊದಲೇ ಹೇಳಲಾಗಿತ್ತು ಎಂದು ನೀಲಾಬಾಯಿ ಸಹಿ ಮಾಡಿಕೊಟ್ಟಿದ್ದಾಳೆ. ಅವಳಿಗೇ ತಕರಾರಿಲ್ಲ. ನಿನಗೇನು?

ನವೆಂಬರ್ ಹದಿಮೂರಕ್ಕೆ ವಿಮೆಯ ಅಧಿಕಾರಿ ಮನೆಗೆ ಬರುತ್ತಾರೆ. ಅಷ್ಟರೊಳಗೆ ರಿಪೋರ್ಟು ಬರಲಿ.

ಬಸವಂತಪ್ಪ


ಓಕ್ಲ್ಯಾಂಡ್
19 ಅಕ್ಟೋಬರ್ 2025

ಅಪ್ಪ,

ನಿಮ್ಮ ಕಾಗದ ಓದಿ ಎರಡು ದಿನ ಏನೂ ಬರೆಯಲಿಲ್ಲ. ಬರೆದಿದ್ದರೆ ಅದನ್ನು ಅಜ್ಜಿಯ ಮುಂದೆ ಓದಲಾಗುತ್ತಿರಲಿಲ್ಲ.

ನಿನ್ನೆ ನೀಲಾಬಾಯಿಯ ಕೋಣೆಗೆ ಹೋದೆ. ಅವಳ ಮಗಳು ಟೆಕ್ಸಾಸಿಗೆ ಹೋದ ಮೇಲೆ ಅವಳು ಫ್ರೀಮಾಂಟಿನಲ್ಲೇ ಉಳಿದು ಕನ್ನಡದವರ ಮನೆಗಳಲ್ಲಿ ದುಡಿಯುತ್ತಾಳೆ, ಇಷ್ಟು ನಿಮಗೆ ಗೊತ್ತು. ಕೋಣೆ ನೋಡಿರಲಿಕ್ಕಿಲ್ಲ. ಗ್ರೋಸರಿ ಅಂಗಡಿಯ ಹಿಂದೆ, ಅಕ್ಕಿ ಮೂಟೆ ಇಳಿಸುವ ಬಾಗಿಲಿನ ಪಕ್ಕ. ದಿಂಬಿನ ಮೇಲೆ ಕಾಲಿಟ್ಟು ಕೂತಿದ್ದಳು.

"ಬಾ ತಮ್ಮಾ. ಕಾಲಿಗೆ ಕಾಲು ತಾಗಿಸಬ್ಯಾಡ, ಅಷ್ಟ ಮಾಡು."

ನೀವು ಸಹಿ ಮಾಡಿಸಿದ ಕಾಗದದ ಪ್ರತಿ ಅವಳ ಹತ್ತಿರವೇ ಇತ್ತು. ಮಾತ್ರೆಗಳ ಚೀಲದಲ್ಲಿ, ಮಾತ್ರೆಗಳ ಚೀಟಿಯ ಜೊತೆ ಮಡಚಿಟ್ಟಿದ್ದಳು. ಔಷಧದ ಕಾಗದ ಎಂದು ತಿಳಿದಿದ್ದಳು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಹೊರಗೆ ಬಂದವಳ ಕೈಯಲ್ಲಿ ನೀವು ಪೆನ್ನು ಕೊಟ್ಟಿದ್ದಿರಿ. ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ.

"ನನಗ ಮೊದಲ ಹೇಳಿದ್ರಂತ ಬರದಾರ?"

"ಹೌದ್ರಿ."

"ಯಾವಾಗ ಹೇಳಿದ್ರಂತ?"

"ತಾರೀಖು ಹಾಕಿಲ್ಲ."

"ನೋಡು ಮತ್ತ. ಹೇಳಿದವರಿಗೂ ನೆನಪಿಲ್ಲ, ಕೇಳಿದಾಕಿಗೂ ನೆನಪಿಲ್ಲ." ನಗುತ್ತಾಳೇನೋ ಎಂದುಕೊಂಡೆ. ನಗಲಿಲ್ಲ. "ಸಾಹೇಬ್ರು ಇಲ್ಲಿ ಸಹಿ ಮಾಡು ಅಂದ್ರು, ಮಾಡಿದೆ. ಅವರ ಮನ್ಯಾಗ ಮೂರು ವರ್ಷ ಉಪ್ಪು ಎಷ್ಟು ಹಾಕಲಿ ಅಂತ ಸೈತ ಕೇಳದ ಹಾಕೇನಿ. ನಂಬಿಕಿ ಅಂದ್ರ ಹಂಗ ಅಲ್ಲೇನು?"

ತಪ್ಪು ಅವಳದೇ ಎಂದು ತೀರ್ಮಾನವಾದರೆ ವಿಮೆಯವರು ಅವಳ ಚಿಕಿತ್ಸೆಯ ಖರ್ಚನ್ನು ಹೊರುವುದಿಲ್ಲ. ಹೇಳಿದ ಮಾತು ಕೇಳದೆ ಬೆರಳು ಕಳೆದುಕೊಂಡ ಹೆಂಗಸು ಎಂದು ಊರೆಲ್ಲ ಆದರೆ ಇನ್ನೊಂದು ಮನೆಯಲ್ಲಿ ಕೆಲಸವೂ ಸಿಗುವುದಿಲ್ಲ. ಇದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಪೆನ್ನು ಕೊಟ್ಟಿರಿ. ನನಗೆ ಬೈಯಲು ಪದ ಸಿಗುತ್ತಿಲ್ಲ. ಏಳನೇ ಕ್ಲಾಸಿನವರೆಗಿನ ಕನ್ನಡದಲ್ಲಿ ಅಂಥ ಪದ ಇಲ್ಲ.

ಆಮೇಲೆ ನನ್ನದನ್ನೂ ಹೇಳಿದೆ. ವಿಭೂತಿ ಕಣ್ಣಿನ ಮೇಲೆ ಬಿದ್ದದ್ದನ್ನು ನೋಡಿದ್ದೆ, ಒರೆಸದೆ ಹೋದೆ ಎಂದೆ. ಅವಳು ಕಾಗದವನ್ನು ಮಡಚಿ ಮಾತ್ರೆಗಳ ಚೀಲಕ್ಕೆ ಹಾಕಿದಳು.

"ಅಂದ್ರ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಎದ್ದು ಹೋಗು."

ಎದ್ದು ಬಂದೆ. ಕ್ಷಮಿಸು ಎಂದು ಕೇಳಬೇಕೆಂದಿದ್ದೆ, ಬಾಗಿಲು ಹಾಕಿಯಾಗಿತ್ತು.

ಇವತ್ತು ಬೆಳಗ್ಗೆ ರಿಪೋರ್ಟು ಕೊಟ್ಟೆ. ನೀವು ಕೇಳಿದ ಎರಡು ಸಾಲಲ್ಲ. ಮೂರು ಪುಟ. ನಾನು ಒರೆಸದ್ದು, ವೇಳಾಪಟ್ಟಿ ರದ್ದು ಮಾಡದ್ದು, 3:31, 3:32, 3:41 ಎಲ್ಲ ಇದೆ. ಒಂದು ಪ್ರತಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ದ್ವಾರಕಾನಾಥ ಓದಿ ತಲೆ ಹಿಡಿದುಕೊಂಡರು. "ಲೋ ಮಾರಾಯ, ಇದು ಸರ್ವಿಸ್ ರಿಪೋರ್ಟೋ ನಿನ್ನ ಆತ್ಮಕಥೆನೋ? ನಿಮ್ಮಪ್ಪನೇ ಕ್ಲೋಸ್ ಮಾಡೋಣ ಅಂತಿದಾರೆ, ನಿಂದೇನು ಹಟ?" ಎಂದರು. ಬದಲಾಯಿಸುವುದಿಲ್ಲ ಎಂದೆ. ಹಾಗಾದರೆ ನಾಳೆಯಿಂದ ಬರಬೇಡ ಎಂದರು. ಕೈಗವಸು, ಬ್ರಷ್ಷು, ವ್ಯಾನಿನ ಕೀಲಿ ವಾಪಸು ಕೊಟ್ಟು ಬಂದೆ. ರಿಪೋರ್ಟನ್ನು ಅವರು ವಿಮೆಯವರಿಗೆ ಕಳಿಸುತ್ತಾರೋ ಹರಿದು ಹಾಕುತ್ತಾರೋ ಗೊತ್ತಿಲ್ಲ. ಹಾಗಾಗಿ ಹದಿಮೂರಕ್ಕೆ ನಾನೇ ಮನೆಗೆ ಬರುತ್ತೇನೆ.

ಇನ್ನು ಅಜ್ಜಿಯ ವಿಷಯ. ಅವಳನ್ನು ಮುಂದೆ ನಿಲ್ಲಿಸಿಕೊಂಡು ನೀವು ಹಿಂದೆ ಅಡಗಬೇಡಿ. ಅವಳು ಹಣೆ ಎಲ್ಲಿದೆ ಎಂದು ಕೇಳಿದಳು, ನಾನು ತಪ್ಪು ಜಾಗ ತೋರಿಸಿದೆ. ಅವಳ ಪಾಲು ಅಷ್ಟೇ. ಹದಿಮೂರರೊಳಗೆ ನೀವು ಅವಳಿಗೆ ಹೇಳದಿದ್ದರೆ ನಾನು ಹೇಳುತ್ತೇನೆ.

ಆಕಾಶ


ಫ್ರೀಮಾಂಟ್
2 ನವೆಂಬರ್ 2025

ಆಕಾಶಗ ನೀಲಾಬಾಯಿ ಬರಿಯೂದು.

ಬರಿಯೂ ರೂಢಿ ತಪ್ಪೇತಿ. ತಪ್ಪಿದ್ರ ತಿದ್ದಿ ಓದಕೋ.

ನೀ ಹೋದ ಮ್ಯಾಲೆ ಭಾಳ ಸಿಟ್ಟು ಬಂತು. ಇನ್ನೂ ಐತಿ. ನೀ ಖರೇ ಹೇಳಿದಿ ಅಂತ ನಿನ್ನ ಹೊಗಳಂಗಿಲ್ಲ. ಖರೇ ಹೇಳಿದ್ರ ಬೆರಳು ಬರಂಗಿಲ್ಲ. ಚಪ್ಪಲಿ ಹಾಕಿಕೊಂಡ್ರ ಬಲಗಾಲು ಹೊರಗ ಜಾರತೈತಿ, ದಿನಾ ಹತ್ತು ಸಲ ನಿಮ್ಮಿಬ್ಬರನ್ನೂ ಬೈತೇನಿ.

ವಿಮೆಯಾಕಿ ಬರೂ ದಿನ ನೀ ಬರತೀನಂತ ನಿಮ್ಮಜ್ಜಿ, ಅವ್ವಾರ ಮುಂದ ಫೋನಿನ್ಯಾಗ ಅಂದಿಯಂತ. ಬರಬ್ಯಾಡ. ನೀ ಬಂದ್ರ ಅಪ್ಪ ಮಗನ ಜಗಳ ಆಗತೈತಿ, ಎಲ್ಲಾರೂ ಅದನ್ನ ನೋಡತಾರ, ನನ್ನ ಕಾಲು ಮರತು ಹೋಗತೈತಿ. ನನ್ನ ಮಾತು ನಾನ ಹೇಳತೇನಿ.

ಅವ್ವಾರಿಗೆ ವಿಭೂತಿ ವಿಷಯ ನೀ ಹೇಳಬ್ಯಾಡ. ಹೇಳೂದು ಸಾಹೇಬ್ರ ಕೆಲಸ. ಅವರ ಕೆಲಸ ನೀ ಯಾಕ ಮಾಡತಿ.

ನೀಲಾಬಾಯಿ


ಓಕ್ಲ್ಯಾಂಡ್
5 ನವೆಂಬರ್ 2025

ಅಪ್ಪ,

ಹದಿಮೂರಕ್ಕೆ ನಾನು ಬರುವುದಿಲ್ಲ. ಬರಬೇಡ ಎಂದವಳು ನೀಲಾಬಾಯಿ. ನೀವು ಗೆದ್ದಿರಿ ಎಂದುಕೊಳ್ಳಬೇಡಿ.

ಅಜ್ಜಿಗೂ ನಾನು ಹೇಳುವುದಿಲ್ಲ. ಅದು ನಿಮ್ಮ ಕೆಲಸವಂತೆ.

ಆಕಾಶ


ಫ್ರೀಮಾಂಟ್
16 ನವೆಂಬರ್ 2025

ಆಕಾಶನಿಗೆ,

ಹದಿಮೂರರಂದು ನಡೆದದ್ದನ್ನು ಬೇರೆ ಯಾರಾದರೂ ನಿನಗೆ ಹೇಳುವ ಮೊದಲು ನಾನೇ ಬರೆಯುತ್ತೇನೆ.

ವಿಮೆಯ ಅಧಿಕಾರಿ ಹತ್ತು ಗಂಟೆಗೆ ಬಂದಳು. ಮಧ್ಯವಯಸ್ಸಿನವಳು, ಮೆಲುದನಿ. ನೀಲಾಬಾಯಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ತಿಳಿದಿದ್ದಳು. ಫೋನಿನಲ್ಲಿ ಕನ್ನಡದ ಅನುವಾದಕರನ್ನು ಕೊಡಿಸುತ್ತೇವೆ ಎಂದಳು. ಬೇಡ, ನಾನಿದ್ದೇನಲ್ಲ ಎಂದೆ. ನೀಲಾಬಾಯಿಯೂ ಆಗಲಿ ಎಂದು ತಲೆಯಾಡಿಸಿದಳು. ಡೈನಿಂಗ್ ಟೇಬಲ್ಲಿನ ಒಂದು ಬದಿಗೆ ಅಧಿಕಾರಿಯೂ ನೀಲಾಬಾಯಿಯೂ, ಎದುರು ಬದಿಗೆ ನಾನು. ಅವ್ವ ಅತ್ತ ಕಡೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

ಮಷೀನು ಓಡಾಡುವ ಹೊತ್ತಿಗೆ ಅಂಗಳಕ್ಕೆ ಇಳಿಯಬಾರದೆಂದು ನಿಮಗೆ ಹೇಳಲಾಗಿತ್ತೇ ಎಂದು ಅಧಿಕಾರಿ ಕೇಳಿದಳು. ನಾನು ಅದನ್ನು ಕನ್ನಡದಲ್ಲಿ ಕೇಳಿದೆ. ನೀಲಾಬಾಯಿ ನನ್ನ ಮುಖವನ್ನೇ ನೋಡುತ್ತ ಹೇಳಿದಳು:

"ಯಾರೂ ಹೇಳಿಲ್ರಿ."

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇದು: ಕೆಲಸಕ್ಕೆ ಸೇರಿದಾಗ ಮನೆಯ ಸುರಕ್ಷತೆಯ ನಿಯಮಗಳನ್ನು ಸಾಮಾನ್ಯವಾಗಿ ತಿಳಿಸಲಾಗಿತ್ತು, ಆದರೆ ಆ ದಿನ ದಣಿದಿದ್ದರಿಂದ ನಿರ್ದಿಷ್ಟವಾಗಿ ಏನು ಹೇಳಿದ್ದರೆಂದು ಅವಳಿಗೆ ಸ್ಪಷ್ಟವಾಗಿ ನೆನಪಾಗುತ್ತಿಲ್ಲ. ತಡವರಿಸದೆ ಹೇಳಿದೆ. ಇಂಥ ವಾಕ್ಯ ಕಟ್ಟುವುದು ನನಗೆ ಅಭ್ಯಾಸ. ಅಧಿಕಾರಿ ಟೈಪು ಮಾಡತೊಡಗಿದಳು.

ಅವ್ವ ತಲೆ ಎತ್ತಿದಳು. ಅವಳಿಗೆ ಹತ್ತು ಇಂಗ್ಲಿಷ್ ಪದ ಬರಲಿಕ್ಕಿಲ್ಲ.

"ಬಸು, ಆಕಿ ಎರಡ ಮಾತು ಆಡಿದ್ಲು. ನೀ ಯಾಕ ಅಷ್ಟುದ್ದ ಹೇಳಿದಿ?"

"ಇಂಗ್ಲಿಷಿನ್ಯಾಗ ಹಂಗ ಆಗತೈತಿ ಅವ್ವ."

"ಏಳು ವರ್ಷಾತು ನಾ ಇಲ್ಲಿ ಬಂದು. ಅಂಗಡ್ಯಾಗ ಕೇಳೇನಿ, ದವಾಖಾನ್ಯಾಗ ಕೇಳೇನಿ. 'ಇಲ್ಲ' ಅನ್ನೂದು ಇಂಗ್ಲಿಷಿನ್ಯಾಗೂ ಸಣ್ಣದ ಐತಿ."

ಟೈಪು ಮಾಡುವ ಸದ್ದು ನಿಂತಿತು. ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಅಧಿಕಾರಿ ಕೇಳಿದಳು. ನೀಲಾಬಾಯಿ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಏನೋ ಒಂದು ಹೇಳಿ ದಾಟಿಸಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವ್ವ ಸೊಪ್ಪಿನ ಪುಟ್ಟಿಯನ್ನು ಪಕ್ಕಕ್ಕೆ ಸರಿಸಿ, ನಾನು ಈಗ ಎಷ್ಟುದ್ದ ಹೇಳುತ್ತೇನೆ ಎಂದು ನೋಡಲು ತಯಾರಾಗಿ ಕೂತಳು.

'ನೋಬಡಿ ಟೋಲ್ಡ್ ಹರ್' ಎಂದೆ.

ಅಧಿಕಾರಿ ಮೊದಲಿನ ಸಾಲನ್ನು ಅಳಿಸಿ ಇದನ್ನು ಬರೆದಳು. ಉಳಿದದ್ದನ್ನೂ ಹೇಳಿದೆ. ಸಂದೇಶ ಬಂದದ್ದು, ಓದದೆ ಒತ್ತಿದ್ದು, ಆಸ್ಪತ್ರೆಯಲ್ಲಿ ಸಹಿ ಮಾಡಿಸಿದ್ದು. ನಿನ್ನ ರಿಪೋರ್ಟು ಅವಳಿಗೆ ಮುಟ್ಟಿರಲಿಲ್ಲ. ನೀನು ನನಗೆ ಕಳಿಸಿದ್ದ ಪ್ರತಿ ಕೊಟ್ಟೆ. ಚಿಕಿತ್ಸೆಯ ಖರ್ಚನ್ನು ವಿಮೆಯವರೇ ಹೊರುತ್ತಾರೆ. ನೀಲಾಬಾಯಿ ಇನ್ನು ನಮ್ಮ ಮನೆಗೆ ಬರುವುದಿಲ್ಲ. ಬಾಗಿಲಲ್ಲಿ ಕೋಲಿಗೆ ಒರಗಿ, "ಅವ್ವಾರ ಬಿ.ಪಿ. ಮಾತ್ರಿ ಫ್ರಿಜ್ಜಿನ ಮ್ಯಾಲದಾವ್ರಿ" ಎಂದಳು, ಹೋದಳು. ನಾನು ತಪ್ಪಾಯಿತು ಎಂದೆ. ಕೇಳಿಸಿಕೊಂಡಳೋ ಇಲ್ಲವೋ. ಆಫೀಸಿನಲ್ಲಿ ನಾಳೆ ನಾನೇ ತಿಳಿಸಬೇಕು. ಅದರ ಪರಿಣಾಮ ನನ್ನದು.

ವಿಭೂತಿಯ ಮಾತನ್ನು ಅವ್ವನಿಗೆ ಅಂದೇ ಹೇಳಿದೆ. ಅಳುತ್ತಾಳೆ, ಊಟ ಬಿಡುತ್ತಾಳೆ ಎಂದುಕೊಂಡಿದ್ದೆ. "ಅದು ಕಣ್ಣಂತ ಆಕಾಶ ಹೇಳಿದ್ನಲ್ಲ. ಕಣ್ಣಿಗೆ ಯಾರರೆ ವಿಭೂತಿ ಹಚ್ಚತಾರೇನು. ನಾನೂ ತಪ್ಪಿದೆ" ಎಂದಳು. ಸಂಜೆಗೆ ಚುರುಮುರಿ ನೆನೆಸಿ ಸುಶೀಲ್ ಮಾಡಿ ಡಬ್ಬಿಗೆ ಹಾಕಿ, ನೀಲಾಬಾಯಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದಳು. ಆ ಅಂಗಡಿಯ ಹಿಂದಿನ ಬಾಗಿಲನ್ನು ನಾನು ಮೊದಲ ಸಲ ನೋಡಿದೆ. ಯಾವುದರಿಂದ ಅವ್ವನನ್ನು ಕಾಪಾಡುತ್ತಿದ್ದೇನೆ ಎಂದು ತಿಂಗಳಿಡೀ ಹೇಳಿಕೊಂಡೆನೋ ಅದನ್ನು ಅವಳು ನಿಂತ ನಿಲುವಿನಲ್ಲೇ ಹೊತ್ತುಕೊಂಡಳು.

ಆದರೆ ಮಾರನೆಯ ದಿನ ಬೆಳಗ್ಗೆ ಚಹಾ ಕುಡಿಯುತ್ತ ಕೇಳಿದಳು: "ಏಳು ವರ್ಷ ಈ ಊರಿನ ಮಾತೆಲ್ಲ ನಿನ್ನ ಬಾಯಿಂದನ ಕೇಳೇನಿ ಬಸು. ಡಾಕ್ಟರ್ ಹೇಳಿದ್ದು, ಬ್ಯಾಂಕಿನವರು ಹೇಳಿದ್ದು. ಮತ್ತ ಏನೇನು ಉದ್ದ ಮಾಡೀ, ಏನೇನು ಗಿಡ್ಡ ಮಾಡೀ?"

ಉತ್ತರ ಹೇಳಲೇಬೇಕಾಯಿತು. ಗಿಡ್ಡ ಮಾಡಿದ್ದರಲ್ಲಿ ದೊಡ್ಡದು ನಿನ್ನದು. ನೀನು ಹನ್ನೆರಡನೇ ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಿದಾಗ ಶಾಲೆಯವರು ನಮ್ಮನ್ನು ಕರೆಸಿದ್ದರು. ನಾನೂ ಅವ್ವನೂ ಒಳಗೆ ಹೋದೆವು. ನೀನು ಒಳಗೆ ಬರಲೊಲ್ಲೆ ಎಂದು ಕಾರಿನಲ್ಲೇ ಕೂತಿದ್ದೆ. ಮಕ್ಕಳಿಗೆ ಸಲಹೆ ಕೊಡುವ ಅಲ್ಲಿನ ಕೌನ್ಸೆಲರ್ ಅರ್ಧ ಗಂಟೆ ಮಾತಾಡಿದಳು. ಈ ಹುಡುಗ ದಡ್ಡನಲ್ಲ, ಸೋಮಾರಿಯಲ್ಲ, ಕೂತು ಕೇಳಲಾರ. ಕೈಯಿಂದ ಮಾಡಿ ಕಲಿಯುವ ಇನ್ನೊಂದು ಶಾಲೆ ಇದೆ, ಅಲ್ಲಿ ಸೀಟು ಇದೆ, ಮುಂದಿನ ಸೋಮವಾರವೇ ಸೇರಿಸಬಹುದು ಎಂದಳು. ಮಗ ಬಡಗಿಯ ಶಾಲೆಗೆ ಹೋಗುತ್ತಾನೆ ಎಂದು ಆಫೀಸಿನಲ್ಲಿ ಹೇಳುವುದು ನನಗೆ ಬೇಡವಾಗಿತ್ತು. "ಶಾಲಿಯವರು ಕೈ ಬಿಟ್ರು" ಎಂದು ಅವ್ವನಿಗೆ ಹೇಳಿದೆ. ಕಾರಿನ ಬಾಗಿಲು ತೆಗೆದು ನಿನಗೂ ಅದನ್ನೇ ಹೇಳಿದೆ.

ಅವರು ಕೈ ಬಿಟ್ಟಿರಲಿಲ್ಲ.

ಇದನ್ನು ಅವ್ವನಿಗೆ ಹೇಳಿ ಇವತ್ತಿಗೆ ಎರಡು ದಿನ. ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ. ನನ್ನೊಡನೆ ಮಾತು ಬಿಟ್ಟಿದ್ದಾಳೆ.

ನಿನ್ನ ಅಪ್ಪ,
ಬಸವಂತಪ್ಪ